ಎರಡು ಡಿಗ್ರಿ

ದಾಕ್ಷಾಯಣಮ್ಮ ಸ್ನಾನ ಮುಗಿಸಿ ಬಚ್ಚಲುಮನೆಯಿಂದ ದೇವರ ಕೋಣೆಗೆ ಹೋದಳೆಂದರೆ ನಡುಮನೆಯ ಕೆಂಪು ನೆಲದ ಮೇಲೆ ಹತ್ತು ಹನ್ನೊಂದು ಒದ್ದೆ ಹೆಜ್ಜೆಗಳು ಉಳಿಯುತ್ತಿದ್ದವು. ಅವು ಆರುವುದರೊಳಗೆ ಚಂದ್ರಮೌಳಿ ಅಳತೆ ಮುಗಿಸಬೇಕು. ಚಳಿಗಾಲವಾಗಿದ್ದರೆ ಐದು ನಿಮಿಷ ಸಿಗುತ್ತಿತ್ತೇನೋ, ಈ ಏಪ್ರಿಲ್ ತಿಂಗಳಲ್ಲಿ ಎರಡು ನಿಮಿಷವೂ ಇಲ್ಲ. ಬಚ್ಚಲಿನ ಹೊಸ್ತಿಲ ನಡುವಿನಿಂದ ದೇವರ ಕೋಣೆಯ ಹೊಸ್ತಿಲ ನಡುವಿಗೆ ಬಿಳಿ ದಾರ ಎಳೆದು, ಐವತ್ತೊಂಬತ್ತರ ಮೈಯನ್ನು ಹೇಗೋ ಬಗ್ಗಿಸಿ, ಉಕ್ಕಿನ ಸ್ಕೇಲು ಹಿಡಿದು, ಒಂದೊಂದು ಹಿಮ್ಮಡಿಗೂ ದಾರಕ್ಕೂ ಇರುವ ಅಂತರವನ್ನು ಅವನು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡ. ಎಡ ನಲವತ್ತು ಮಿಲಿಮೀಟರು. ಬಲ ಎಪ್ಪತ್ತೆರಡು. ಎಡ ನಲವತ್ತೊಂದು. ಬಲ ಎಪ್ಪತ್ತು. ಹೋದ ವರ್ಷ ಮಂಡಿ ಬದಲಾಯಿಸಿಕೊಂಡ ಬಲಗಾಲು ಗೆರೆಯಿಂದ ದೂರ ಬೀಳುತ್ತದೆ, ಹುಟ್ಟಿನಿಂದ ಬಂದ ಮಂಡಿಯೇ ಇನ್ನೂ ಇರುವ ಎಡಗಾಲು ಗೆರೆಯ ಹತ್ತಿರಕ್ಕೆ ಬರುತ್ತದೆ. ಆರು ವಾರದಿಂದ ಒಂದು ದಿನವೂ ಇದು ತಪ್ಪಿರಲಿಲ್ಲ.

"ರೀ, ಆಯ್ತಾ? ನೆಲ ಒರೆಸ್ಕೋಬೇಕು," ಎಂದಳು ದಾಕ್ಷಾಯಣಮ್ಮ ಒಳಗಿನಿಂದ. ಇನ್ನೂ ವಿಭೂತಿ ಹಚ್ಚಿಕೊಂಡಿರಲಿಲ್ಲ, ಹಚ್ಚಿಕೊಂಡ ಮೇಲೆ ಪೂಜೆ ಮುಗಿಯುವ ತನಕ ಅವಳು ಮಾತಾಡುವವಳಲ್ಲ.

"ಆಯ್ತು, ಆಯ್ತು. ಇನ್ನೊಂದೇ."

"ಕೆಲಸ ಬಿಟ್ಮೇಲೆ ಅಳೆಯೋಕೆ ನಾನೊಬ್ಳು ಸಿಕ್ಕಿದೀನಿ ನಿಮಗೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮನೆಯಲ್ಲಿ ಕೂತ ಗಂಡಸರು ಒಬ್ಬೊಬ್ಬರು ಒಂದೊಂದು ಹುಚ್ಚು ಹಿಡಿಸಿಕೊಳ್ಳುತ್ತಾರೆ, ಪಕ್ಕದ ಮನೆಯವರು ಗುಲಾಬಿ ಗಿಡಕ್ಕೆ ಕಸಿ ಕಟ್ಟುತ್ತಾರೆ, ನಮ್ಮವರು ನನ್ನ ಹೆಜ್ಜೆ ಅಳೆಯುತ್ತಾರೆ, ಅಷ್ಟೇ ಅವಳ ಲೆಕ್ಕ. ಹಾಗಂತ ಅವಳು ಅಂದುಕೊಂಡಿರುವುದು ಚಂದ್ರಮೌಳಿಗೆ ಅನುಕೂಲವೂ ಆಗಿತ್ತು, ಸಂಕಟವೂ ಆಗಿತ್ತು. ಇವತ್ತು ಹನ್ನೊಂದು ಗಂಟೆಗೆ ಡಾಕ್ಟರ್ ವಾಗೀಶರ ಹತ್ತಿರ ಹೋಗಬೇಕು, ಎಡಮಂಡಿಯ ಆಪರೇಷನ್ನಿಗೆ ದಿನ ಗೊತ್ತುಮಾಡಬೇಕು. ಹೋದ ವರ್ಷ ಬಲಮಂಡಿಗೆ ಕೈ ಹಾಕುವ ಮುಂಚೆ ಡಾಕ್ಟರು ಒಂದು ಪ್ರಶ್ನೆ ಕೇಳಿದ್ದರು. ಇವತ್ತೂ ಕೇಳಿಯೇ ಕೇಳುತ್ತಾರೆ. ಅಂಥದೊಂದು ಪ್ರಶ್ನೆ ಇತ್ತೆಂಬುದೇ ದಾಕ್ಷಾಯಣಮ್ಮನಿಗೆ ಗೊತ್ತಿಲ್ಲ, ಅದಕ್ಕೆ ಗಂಡ ಉತ್ತರ ಕೊಟ್ಟನೆಂಬುದೂ ಗೊತ್ತಿಲ್ಲ. ಅಲ್ಲಿಗೆ ಹೋಗುವುದರೊಳಗೆ ಅದನ್ನು ಹೇಳಿಬಿಡಬೇಕೆಂದು ಅವನು ಯುಗಾದಿಯಿಂದ ಅಂದುಕೊಳ್ಳುತ್ತಲೇ ಇದ್ದ. ದಾರ ಸುತ್ತುತ್ತಾ ಈಗ ಹೇಳೋಣ ಎಂದು ಬಾಗಿಲ ತನಕ ಹೋದ. ಅವಳು ಎತ್ತರದ ಸ್ಟೂಲಿನ ಮೇಲೆ ಕೂತು, ಬಲಗಾಲನ್ನು ಮುಂದಕ್ಕೆ ನೀಡಿ, ಎಡಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿದ್ದಳು. ಅವನು ಹಿಂದಕ್ಕೆ ಬಂದು ಪೇಪರು ಬಿಡಿಸಿಕೊಂಡ.

ಪೇಪರಿನಲ್ಲಿ ಚುನಾವಣೆಯ ಸುದ್ದಿಯೇ ತುಂಬಿತ್ತು, ಒಂದು ಸಾಲೂ ಒಳಗೆ ಇಳಿಯಲಿಲ್ಲ. ಡಾಕ್ಟರ್ ವಾಗೀಶ ಮಾತುಗಾರ ಮನುಷ್ಯ, ಇನ್ನೂ ನಲವತ್ತಾಗಿಲ್ಲ, ರೋಗಿಯ ಕಡೆಯವರು ಏನು ಕೆಲಸದವರೆಂದು ವಿಚಾರಿಸಿಕೊಂಡು ಅವರ ಕಸುಬಿನ ಮಾತಿನಲ್ಲೇ ವಿವರಿಸುವ ಚಟ. ಹೂಟಗಳ್ಳಿಯ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಇನ್ಸ್‌ಪೆಕ್ಷನ್ ಸೆಕ್ಷನ್ನಿನಲ್ಲಿದ್ದೆ, ಲೇತಿನಿಂದ ಬಂದ ಪ್ರತಿ ತುಂಡನ್ನೂ ಅಳೆದು ಪಾಸು ಮಾಡುವುದೋ ತಿರಸ್ಕರಿಸುವುದೋ ನನ್ನ ಕೆಲಸ ಎಂದು ಚಂದ್ರಮೌಳಿ ಹೇಳಿದ್ದೇ ತಡ, ಅವರು ಕುರ್ಚಿ ಹತ್ತಿರ ಎಳೆದುಕೊಂಡಿದ್ದರು. ತೊಡೆಯ ಮೂಳೆಯ ತುದಿಗೊಂದು ಲೋಹದ ಟೋಪಿ, ಕೆಳಗಿನ ಮೂಳೆಯ ತಲೆಗೊಂದು ಲೋಹದ ತಟ್ಟೆ, ನಡುವೆ ಪ್ಲಾಸ್ಟಿಕ್ಕಿನ ಮೆತ್ತೆ, ಇಷ್ಟೇ ಸಾರ್ ಸಾಮಾನು. ಕಷ್ಟ ಸಾಮಾನಿನಲ್ಲಿಲ್ಲ, ಕೂರಿಸುವುದರಲ್ಲಿದೆ. ಕೆಳಗಿನ ಮೂಳೆಯನ್ನು ಯಾವ ಕೋನಕ್ಕೆ ಕತ್ತರಿಸುತ್ತೇವೋ ಆ ಕೋನಕ್ಕೆ ತಟ್ಟೆ ಕೂರುತ್ತದೆ, ತಟ್ಟೆ ಕೂತ ಹಾಗೆ ಕೀಲು, ಕೀಲು ಇದ್ದ ಹಾಗೆ ಸುತ್ತಲಿನ ನರ ಸ್ನಾಯು ಎಲ್ಲ ಎಳೆದುಕೊಳ್ಳುತ್ತವೆ. ಆಮೇಲೆ ಆ ಪ್ರಶ್ನೆ. "ಅಮ್ಮನಿಗೆ ಹುಟ್ಟಿದಾಗಿನಿಂದ ಕಾಲು ಸ್ವಲ್ಪ ಬಿಲ್ಲಿನ ಥರ. ಪುಸ್ತಕ ನೇರ ತೊಂಬತ್ತು ಡಿಗ್ರಿಗೆ ಕತ್ತರಿಸು ಅನ್ನುತ್ತೆ. ಒಂದೆರಡು ಡಿಗ್ರಿ ಅವರದ್ದೇ ಓರೆ ಉಳಿಸಿದರೆ ಬೇಗ ಒಗ್ಗುತ್ತೇನೋ ಅಂತ ನನಗೊಂದು ಅನುಮಾನ. ನಿಮ್ಮ ಸೆಕ್ಷನ್ನಲ್ಲಾದ್ರೆ ಎಷ್ಟು ಬಿಡ್ತಿದ್ರಿ ಸಾರ್?" ಚಂದ್ರಮೌಳಿ ಒಂದು ಉಸಿರಿನಷ್ಟು ಹೊತ್ತೂ ಯೋಚಿಸಲಿಲ್ಲ. "ಸೊನ್ನೆ ಸಾರ್. ನೆಟ್ಟಗೆ ಮಾಡಿ," ಎಂದ. ಹಾಗೆ ಹೇಳುವಾಗ ಅವನಿಗೆ ಬಹಳ ದಿನದ ಮೇಲೆ ಸೆಕ್ಷನ್ನಿನ ಮೇಜಿನ ಮುಂದೆ ಕೂತ ಹಾಗಾಗಿ ಖುಷಿಯೂ ಆಗಿತ್ತು. ದಾಕ್ಷಾಯಣಮ್ಮ ಆಗ ಆಚೆ ರಕ್ತ ಪರೀಕ್ಷೆಗೆ ಬೆಂಚಿನ ಮೇಲೆ ಕಾಯುತ್ತಿದ್ದಳು.

ಕಾಲು ನೆಟ್ಟಗಾಯಿತು. ನೋಡಲು ಬಂದವರೆಲ್ಲ ಹೊಗಳಿದರು. ಎದುರುಮನೆ ಕಮಲ ಎರಡು ಸಲ ಸೀರೆಯ ನೆರಿಗೆ ಸರಿಸಿ ನೋಡಿ, ಒಂದು ಕಾಲು ಹುಡುಗಿಯದಾಯಿತಲ್ಲ ಅಂದರು. ನೋವೂ ಇಳಿಯಿತು, ಮೆಟ್ಟಿಲು ಹತ್ತುವುದೂ ಬಂತು. ಆದರೆ ಆರು ತಿಂಗಳಾದ ಮೇಲೂ ಅವಳು ಒಂದು ಮಾತು ಬಿಡಲಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ, ತರಕಾರಿ ಚೀಲ ಹಿಡಿದು ತಿರುಗುವಾಗ, "ಇದು ಯಾರ್ದೋ ಕಾಲು ಕಣ್ರೀ. ನೋವಿಲ್ಲ, ಏನಿಲ್ಲ. ಒಳಗಡೆ ಯಾರೋ ದಾರ ಬಿಗಿದು ಕಟ್ಟಿದ್ದಾರೆ ಅನ್ಸುತ್ತೆ," ಎನ್ನುವಳು. ಹೇಳಿ ನಗುವಳು. ಡಾಕ್ಟರು ತಪ್ಪು ಕೂರಿಸಿರಬೇಕು ಎಂದು ಮೊದಲು ಚಂದ್ರಮೌಳಿಗೆ ಅನ್ನಿಸಿತು. ಅನ್ನಿಸಿತು ಎನ್ನುವುದಕ್ಕಿಂತ ಹಾಗಾಗಿರಲಿ ಎಂದು ಅವನು ಆಸೆಪಟ್ಟ, ತಪ್ಪು ಅವರದಾದರೆ ತನ್ನದಲ್ಲವಲ್ಲ. ಟ್ರಂಕಿನಿಂದ ಕೋನಮಾಪಕ ತೆಗೆದು ಎಣ್ಣೆ ಒರೆಸಿದ, ಎಕ್ಸ್‌ರೇ ಫಿಲ್ಮನ್ನು ಬೀದಿ ಕಿಟಕಿಯ ಗಾಜಿಗೆ ಅಂಟಿಸಿದ, ಮೂಳೆಯ ನಡುಗೆರೆ ಎಳೆದು ತಟ್ಟೆಯ ಗೆರೆ ಎಳೆದು ನಾಲ್ಕು ಸಲ ಅಳೆದ. ತೊಂಬತ್ತು. ನಾಲ್ಕು ಸಲವೂ ತೊಂಬತ್ತು. ಅಷ್ಟು ಚೊಕ್ಕಟವಾದ ಕೆಲಸವನ್ನು ತನ್ನ ಸರ್ವೀಸಿನಲ್ಲೇ ಅವನು ಕೈಬೆರಳೆಣಿಕೆಯಷ್ಟು ಸಲ ನೋಡಿದ್ದ. ಹಾಗಾದರೆ ಸರಿಯಾಗಿರುವುದು ಯಾಕೆ ಒಗ್ಗುತ್ತಿಲ್ಲ ಎಂಬ ಪ್ರಶ್ನೆ ಅವತ್ತು ಶುರುವಾದದ್ದು ಇನ್ನೂ ಬಿಟ್ಟಿಲ್ಲ.

ಆ ಪ್ರಶ್ನೆಯಲ್ಲಿ ಒಂದು ಸುಖ ಇತ್ತು, ಅದನ್ನು ಅವನು ಯಾರ ಮುಂದೂ ಒಪ್ಪಿಕೊಳ್ಳುವ ಹಾಗಿರಲಿಲ್ಲ. ಅವಳ ಎಡಗಾಲಿನ ಫಿಲ್ಮನ್ನು ಪಕ್ಕದಲ್ಲಿ ಅಂಟಿಸಿದ. ಸವೆದ ಪಾಲನ್ನು ಅಂದಾಜಿನಲ್ಲಿ ಕಳೆದರೂ ಅಲ್ಲಿ ಕೀಲಿನ ಗೆರೆ ತೊಂಬತ್ತಿರಲಿಲ್ಲ, ಎಂಬತ್ತೈದು, ಒಳಬದಿ ತಗ್ಗು. ಐದು ಡಿಗ್ರಿ ಓರೆ. ಇದೇ ಆ ಬಿಲ್ಲು ಎಂದುಕೊಂಡ. ಆಮೇಲೆ ತೊಂಬತ್ತೆಂಟರಲ್ಲಿ ಬೋಗಾದಿ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದಾಗ ತೆಗೆಸಿದ್ದ ತನ್ನ ಮಂಡಿಯ ಫಿಲ್ಮು ಬೀರುವಿನ ಮೇಲೆ ಸಿಕ್ಕಿತು. ತನ್ನದು ನೆಟ್ಟಗಿನ ಕಾಲು, ಊರೆಲ್ಲ ನೋಡಿರುವ ಕಾಲು, ಹೋಲಿಸಲು ಇರಲಿ ಎಂದು ಅದನ್ನೂ ಅಂಟಿಸಿ ಗೆರೆ ಎಳೆದ. ಎಂಬತ್ತೇಳು. ಮತ್ತೆ ಎಳೆದ. ಎಂಬತ್ತೇಳೇ. ತನ್ನ ಮಂಡಿ ತನ್ನದೇ ಮೇಜಿಗೆ ಬಂದಿದ್ದರೆ ಕೆಂಪು ಬಣ್ಣ ಬಳಿದು ತಿರಸ್ಕರಿಸಿದ ತುಂಡುಗಳ ಡಬ್ಬಕ್ಕೆ ಹಾಕುತ್ತಿದ್ದೆ ಎಂದು ಅವನಿಗೆ ಒಬ್ಬನಿಗೇ ನಗು ಬಂತು. ಓರೆಯೇ ನಿಯಮವಾದರೆ ಅದಕ್ಕೊಂದು ಕಾರಣ ಇರಬೇಕಲ್ಲ. ನಾಲ್ಕು ದಿನ ರಟ್ಟು ಕತ್ತರಿಸಿ ಮೊಳೆ ಹೊಡೆದು ಕಾಲುಗಳನ್ನು ಮಾಡಿ ನೋಡಿದ. ಐದನೆಯ ದಿನ ಅವಳ ಒದ್ದೆ ಹೆಜ್ಜೆ ಕಣ್ಣಿಗೆ ಬಿದ್ದು ಹೊಳೆಯಿತು. ಸುಮ್ಮನೆ ನಿಂತಾಗ ಪಾದಗಳು ದೂರ ಇರುತ್ತವೆ, ನಡೆಯುವಾಗ ಒಂದೊಂದೂ ಮೈಯ ನಡುಗೆರೆಯ ಕಡೆಗೆ ಸರಿದು ಬೀಳುತ್ತದೆ. ಆಗ ಇಡೀ ಕಾಲು ಸೊಂಟದಿಂದ ಒಳಕ್ಕೆ ಮೂರು ಡಿಗ್ರಿಯಷ್ಟು ವಾಲುತ್ತದೆ. ಕೀಲು ಮೊದಲೇ ಮೂರು ಡಿಗ್ರಿ ಓರೆ ಇದ್ದರೆ ಆ ಗಳಿಗೆಯಲ್ಲಿ ಅದು ನೆಲಕ್ಕೆ ಸಮನಾಗಿ ಕೂರುತ್ತದೆ, ಮೈಭಾರ ಎರಡೂ ಬದಿಗೆ ಹಂಚಿಹೋಗುತ್ತದೆ. ಅಂದರೆ ನಿಲ್ಲುವುದಕ್ಕಲ್ಲ, ನಡೆಯುವುದಕ್ಕೆ ಮಾಡಿದ ಸಾಮಾನು ಇದು. ತಾನು ಕೊಡಿಸಿದ ತೊಂಬತ್ತು ನಿಲ್ಲುವುದಕ್ಕೆ ಸರಿ. ನಡೆಯುವಾಗ ಸಮ ಸಿಗಬೇಕಾದರೆ ಪಾಪ ಆ ಕಾಲು ದೂರ ದೂರ ಬೀಳಬೇಕು. ಎಪ್ಪತ್ತೆರಡು ಮಿಲಿಮೀಟರು.

ಗೊತ್ತಾದ ಕ್ಷಣ ಅವನಿಗೆ ಎದ್ದು ಯಾರಿಗಾದರೂ ಹೇಳಬೇಕೆನ್ನುವಷ್ಟು ಸಂತೋಷವಾಯಿತು. ಮನೆಯಲ್ಲಿದ್ದವಳು ಅವಳೊಬ್ಬಳೇ. ಅಡಿಗೆಮನೆಯ ತನಕ ಹೋಗಿ, ಅವಳು ಒಗ್ಗರಣೆ ಹಾಕುತ್ತಾ ಒಂದು ಕಾಲು ಬಿಟ್ಟು ಇನ್ನೊಂದರ ಮೇಲೆ ಭಾರ ಹಾಕಿ ನಿಂತಿದ್ದುದನ್ನು ನೋಡಿ, ಕರಿಬೇವು ಇದೆಯಾ ಎಂದು ಕೇಳಿ ವಾಪಸು ಬಂದಿದ್ದ. ಐದರಲ್ಲಿ ಮೂರು ಎಲ್ಲರಿಗೂ ಇರುವುದು. ಉಳಿದದ್ದು ಎರಡು. ಮೂವತ್ತೆರಡು ವರ್ಷದ ಸಂಸಾರದಲ್ಲಿ ತಾನು ನಾಚಿಕೆಪಟ್ಟದ್ದು ಈ ಎರಡು ಡಿಗ್ರಿಗೆ. ನಾಚಿಕೆ ಎಂಬ ಮಾತನ್ನು ಅವನು ಅವತ್ತೇ ಮೊದಲು ತನ್ನೊಳಗೆ ಬಾಯಿಬಿಟ್ಟು ಅಂದುಕೊಂಡದ್ದು. ಎಂಬತ್ತಮೂರರ ಆಯುಧಪೂಜೆಗೆ ಸೆಕ್ಷನ್ನಿನವರೆಲ್ಲ ಮನೆಯವರನ್ನು ಕರೆತಂದಿದ್ದರು. ಲೇತುಗಳಿಗೆ ಬಾಳೆಕಂದು ಕಟ್ಟಿ, ಕುಂಕುಮ ಇಟ್ಟು, ದಾಕ್ಷಾಯಣಮ್ಮ ಹಸಿರು ರೇಷ್ಮೆ ಸೀರೆ ಉಟ್ಟು ಕಡಲೆಪುರಿಯ ತಟ್ಟೆ ಹಿಡಿದು ಸಾಲಿನ ಆ ತುದಿಯಿಂದ ನಡೆದು ಬರುತ್ತಿದ್ದಳು. ಲೇತು ಓಡಿಸುವ ಟರ್ನರ್ ಅಶ್ವತ್ಥ ಚಂದ್ರಮೌಳಿಯ ಹೆಗಲ ಮೇಲೆ ಕೈ ಹಾಕಿ, "ಏನ್ ಮೌಳಿ, ಈ ಪೀಸು ನಿನ್ ಸೆಕ್ಷನ್ನಲ್ಲಿ ಎಂಗೆ ಪಾಸಾಯ್ತೋ?" ಎಂದ. ಸುತ್ತ ನಿಂತವರು ನಕ್ಕರು. ಚಂದ್ರಮೌಳಿಯೂ ನಕ್ಕ. ನಗದೆ ಇರುವುದಕ್ಕೆ ಧೈರ್ಯ ಬೇಕಿತ್ತು, ಅದು ಅವನಲ್ಲಿ ಇರಲಿಲ್ಲ. ಅವಳಿಗೆ ಕೇಳಿಸಿತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಹತ್ತು ಹನ್ನೆರಡು ಅಡಿ ದೂರವಿದ್ದಳು. ಬೇರೆ ದಿನವಾಗಿದ್ದರೆ ಆ ಮಾತು ಮೆಷಿನ್ನುಗಳ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು, ಆಯುಧಪೂಜೆಯ ದಿನ ಮೆಷಿನ್ನುಗಳು ನಿಂತಿರುತ್ತವೆ. ಅವಳು ಬಂದು ಎಲ್ಲರಿಗೂ ಪುರಿ ಹಂಚಿದಳು, ಅಶ್ವತ್ಥನಿಗೂ ಕೊಟ್ಟಳು. ಮಾರನೆಯ ವರ್ಷದಿಂದ ಚಂದ್ರಮೌಳಿ ಅವಳನ್ನು ಪೂಜೆಗೆ ಕರೆಯಲಿಲ್ಲ, ಅವಳೂ ಯಾಕೆಂದು ಕೇಳಲಿಲ್ಲ.

"ಹತ್ತೂಕಾಲಾಯ್ತು. ಆಟೋ ಕರೀರಿ," ಎಂದಳು ದಾಕ್ಷಾಯಣಮ್ಮ. ನೀಲಿ ಸೀರೆ ಉಟ್ಟು, ಹಣೆಗೆ ವಿಭೂತಿ, ಕೈಯಲ್ಲಿ ಹಳೆಯ ಫಿಲ್ಮುಗಳ ದೊಡ್ಡ ಲಕೋಟೆ ಹಿಡಿದು ಸಿದ್ಧವಾಗಿದ್ದಳು. ಕುವೆಂಪುನಗರದ ಕಾಂಪ್ಲೆಕ್ಸಿನ ಹತ್ತಿರ ಆಟೋ ಸಿಕ್ಕಿತು. ಹತ್ತುವಾಗ ಅವಳು ಮೊದಲು ಎಡಗಾಲು ಇಟ್ಟು, ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡಳು, ಸಾಮಾನು ಜೋಡಿಸಿಕೊಂಡ ಹಾಗೆ. ಈಗ ಹೇಳಬೇಕು. ಆಟೋದಲ್ಲಿ ಹೇಳಿದರೆ ಅವಳು ಜಗಳ ಮಾಡುವಂತಿಲ್ಲ, ಡ್ರೈವರು ಇರುತ್ತಾನೆ ಎಂದು ಯೋಚನೆ ಹೋಗಿ, ಹಾಗೆ ಯೋಚಿಸಿದ್ದಕ್ಕೇ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಸಿಗ್ನಲ್ಲಿನಲ್ಲಿ ಆಟೋ ನಿಂತಿತು. ಪಾದಚಾರಿಗಳು ಅಡ್ಡ ದಾಟುತ್ತಿದ್ದರು, ಅವನ ಕಣ್ಣು ತಾನಾಗಿ ಕೆಳಗಿಳಿಯಿತು. ಪೈಜಾಮ, ಪಂಚೆ, ಜೀನ್ಸು, ಸೀರೆಯ ಅಂಚು, ಎಲ್ಲರೂ ಒಳಗೊಳಗೆ ಓರೆಯಾಗಿದ್ದುಕೊಂಡೇ ನೆಟ್ಟಗೆ ಹೋಗುತ್ತಿದ್ದರು. ಎಷ್ಟು ಚೆನ್ನಾಗಿ ಮಾಡಿದ್ದಾನೆ ಮಾಡಿದವನು ಎಂದುಕೊಂಡ.

"ಏನೋ ಹೇಳ್ಬೇಕು ಅನ್ನೋ ಥರ ಇದೀರಿ," ಎಂದಳು ಅವಳು.

"ಏನಿಲ್ಲ. ನೋವಿದೆಯಾ ಎಡಗಾಲು?"

"ಇದ್ದೇ ಇದೆ. ಆದ್ರೂ ಇದು ನಂದು ಅಂತ ಗೊತ್ತಾಗುತ್ತೆ," ಎಂದು ಅವಳು ಎಡಮಂಡಿಯ ಮೇಲೆ ಅಂಗೈ ಇಟ್ಟುಕೊಂಡಳು. ಆಟೋ ಹೊರಟಿತು.

ಆಸ್ಪತ್ರೆಯಲ್ಲಿ ಹೊಸದಾಗಿ ಎಕ್ಸ್‌ರೇ ತೆಗೆದು, ಮುಕ್ಕಾಲು ಗಂಟೆ ಕಾಯಿಸಿ ಒಳಗೆ ಕರೆದರು. ಡಾಕ್ಟರ್ ವಾಗೀಶ ಎದ್ದು ನಿಂತು ಅವಳಿಗೆ ಕುರ್ಚಿ ಸರಿಮಾಡಿಕೊಟ್ಟರು. "ಕೂತ್ಕೊಳಿ ಅಮ್ಮ. ಏನ್ ಸಾರ್, ನಮ್ಮ ಕೆಲಸ ಪಾಸ್ ಮಾಡಿದ್ರಾ?" ಎಂದು ನಗುತ್ತಾ ಸೊಂಟದಿಂದ ಪಾದದವರೆಗಿನ ಉದ್ದನೆಯ ಹೊಸ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. ಎರಡು ಕಾಲೂ ಪಕ್ಕಪಕ್ಕದಲ್ಲಿ ಬೆಳಗಿದವು. ಒಂದು ಗೆರೆ ಎಳೆದ ಹಾಗೆ, ಇನ್ನೊಂದು ಆಚೆಗೆ ಬಾಗಿಕೊಂಡು. "ಬಲಗಡೆ ಫಸ್ಟ್ ಕ್ಲಾಸ್. ಇದನ್ನೂ ಹಂಗೇ ಮಾಡಿಬಿಡೋಣ ಅಲ್ವಾ ಸಾರ್? ಸೊನ್ನೆ?"

ಅವರು ಕೇಳಿದ್ದು ಚಂದ್ರಮೌಳಿಯನ್ನೇ ನೋಡಿ. ದಾಕ್ಷಾಯಣಮ್ಮ ಫಿಲ್ಮು ನೋಡುತ್ತಿದ್ದಳು, ತನ್ನ ಮೂಳೆಗಳನ್ನು ಅಷ್ಟುದ್ದಕ್ಕೆ ಒಟ್ಟಿಗೆ ಅವಳು ನೋಡುತ್ತಿದ್ದುದು ಅದೇ ಮೊದಲು. ಹೂಂ ಎಂದುಬಿಟ್ಟರೆ ಇಲ್ಲಿಗೆ ಮುಗಿಯುತ್ತದೆ. ಎರಡು ಕಾಲೂ ಒಂದೇ ಥರ ಆಗುತ್ತವೆ, ಎರಡೂ ಯಾರದ್ದೋ ಆಗುತ್ತವೆ, ಹೋಲಿಸಿ ನೋಡುವುದಕ್ಕೆ ಒಂದೂ ಉಳಿಯುವುದಿಲ್ಲ, ಅವಳು ದೂರುವುದನ್ನೂ ನಿಲ್ಲಿಸಬಹುದು.

"ಹೋದ ವರ್ಷ ನೀವು ಈ ಪ್ರಶ್ನೆ ನನ್ನನ್ನ ಕೇಳಿದ್ರಿ ಸಾರ್," ಎಂದ. "ಅವಳದ್ದೇ ಓರೆ ಸ್ವಲ್ಪ ಉಳಿಸಲಾ ಅಂತ. ನಾನು ಅವಳನ್ನ ಒಂದು ಮಾತೂ ಕೇಳದೇನೇ ಸೊನ್ನೆ ಅಂದ್ಬುಟ್ಟೆ. ನನ್ನದು ತಪ್ಪಾಯ್ತು. ಅವಳ ಕಾಲಿಗೆ ಅಂತ ಹೇಳಿದ್ದಲ್ಲ ಅದು. ನಾಲ್ಕು ಜನ ನೋಡ್ತಾರೆ ಅಂತ ನನಗೆ ನಾಚಿಕೆ ಇತ್ತು, ಅದಕ್ಕೆ ಹೇಳಿದ್ದು."

ಡಾಕ್ಟರು ಕಸಿವಿಸಿಗೊಂಡು ಪೆನ್ನಿನ ಮುಚ್ಚಳ ತೆಗೆದು ಹಾಕಿದರು. "ಛೆ, ಹಂಗೆಲ್ಲ ಮನಸ್ಸಿಗೆ ಹಚ್ಕೋಬೇಡಿ ಸಾರ್. ನೀವು ಹೇಳಿದಿರಿ ಅಂತ ನಾನು ಮಾಡಿದ್ದಲ್ಲ. ಎಲ್ಲರಿಗೂ ನಾವು ಸೊನ್ನೆಗೇ ಮಾಡೋದು. ನಾನು ಸುಮ್ಮನೆ ಮಾತಿಗೆ ಕೇಳಿದ್ದು."

ಇಷ್ಟು ದಿನ ಹೊತ್ತುಕೊಂಡು ತಿರುಗಿದ ತಪ್ಪು ಅಷ್ಟು ಹಗುರವಾಗಿ ಕೈಬಿಟ್ಟು ಹೋದದ್ದು ಚಂದ್ರಮೌಳಿಗೆ ಸಮಾಧಾನ ತರಲಿಲ್ಲ, ಅವಮಾನವಾಯಿತು. ತನ್ನ ಮಾತಿಗೆ ಒಂದು ಡಿಗ್ರಿಯ ತೂಕವೂ ಇರಲಿಲ್ಲ. ಆದರೂ ಹೇಳಿದ್ದು ಹೇಳಿದ್ದೇ, ಅದನ್ನು ಡಾಕ್ಟರು ಅಳಿಸುವ ಹಾಗಿರಲಿಲ್ಲ. ಅವನು ಹೆಂಡತಿಯ ಕಡೆ ತಿರುಗಿದ. ಅವಳು ಅವನನ್ನು ನೋಡಲಿಲ್ಲ.

"ಕೇಳಿದ್ದು ನಿಜವಾ ಡಾಕ್ಟ್ರೇ?" ಎಂದಳು.

"ಕೇಳಿದ್ದೆ ಅಮ್ಮ."

"ನಾನೆಲ್ಲಿದ್ದೆ ಆವಾಗ?"

"ರಕ್ತ ಪರೀಕ್ಷೆಗೆ ಆಚೆ ಕೂತಿದ್ರಿ ಅನ್ಸುತ್ತೆ."

"ಹಂಗಿದ್ರೆ ಇವಾಗ ಇವರು ಆಚೆ ಕೂತಿರ್ಲಿ," ಎಂದಳು ದಾಕ್ಷಾಯಣಮ್ಮ. ದನಿ ಏರಿರಲಿಲ್ಲ, ಬಾಗಿಲು ಹಾಕ್ಕೊಳ್ಳಿ ಅಂತಲೋ ಹಾಲು ಉಕ್ಕುತ್ತೆ ಅಂತಲೋ ಹೇಳುವಾಗಿನ ದನಿಯೇ. "ನನಗೆ ಕೇಳೋದಿದೆ. ರೀ, ಹೋಗಿ."

ಆಚೆ ಉದ್ದನೆಯ ಬೆಂಚು. ಒಬ್ಬ ಮುದುಕಿ, ಅವಳ ಮಗಳು, ಪ್ಲಾಸ್ಟರ್ ಹಾಕಿಸಿಕೊಂಡ ಒಬ್ಬ ಪೊಲೀಸು. ಚಂದ್ರಮೌಳಿ ತುದಿಯಲ್ಲಿ ಕೂತ. ಬಾಗಿಲಿಗೆ ಮಂಜುಗಾಜು ಹಾಕಿದ್ದರು, ಒಳಗಿನ ಬೆಳಕು ಕಾಣಿಸುತ್ತಿತ್ತೇ ಹೊರತು ಆಕಾರ ತಿಳಿಯುತ್ತಿರಲಿಲ್ಲ. ಮೊದಲು ಡಾಕ್ಟರ ದನಿ ಬಹಳ ಹೊತ್ತು ಕೇಳಿಸಿತು, ಆಮೇಲೆ ಅವಳದು, ಮಾತುಗಳು ಮಾತ್ರ ಗೊತ್ತಾಗಲಿಲ್ಲ. ಎರಡು ಮಂಡಿಯೂ ಬೇರೆ ಬೇರೆ ಕೋನದಲ್ಲಿದ್ದರೆ ಸೊಂಟ ಏನಾಗುತ್ತದೆ ಎಂದು ಅವಳು ಕೇಳಬೇಕು. ಓರೆ ಉಳಿಸಿದರೆ ಪ್ಲಾಸ್ಟಿಕ್ಕು ಒಳಬದಿಗೆ ಬೇಗ ಸವೆಯುತ್ತದೋ ಎಂದು ಕೇಳಬೇಕು. ಇದನ್ನೆಲ್ಲ ಅವಳಿಗೆ ಮೊದಲೇ ಹೇಳಿಕೊಡಬೇಕಿತ್ತು ಎಂದು ಅವನಿಗೆ ಚಡಪಡಿಕೆಯಾಯಿತು. ಎದ್ದ, ಬಾಗಿಲು ತಟ್ಟುವುದಕ್ಕೆ ಕೈಯೆತ್ತಿದ, ಪೊಲೀಸಿನವನು ನೋಡುತ್ತಿರುವುದು ಕಂಡು ಮತ್ತೆ ಕೂತ. ಒಳಗೆ ಕುರ್ಚಿ ಸರಿದ ಸದ್ದು. ಆಮೇಲೆ ಹೆಜ್ಜೆ. ಒಂದು ಗಟ್ಟಿ, ಒಂದು ಮೆಲ್ಲಗೆ, ಆ ಗೋಡೆಯ ತನಕ ಹೋಗಿ ಹಿಂದಕ್ಕೆ ಬಂದವು. ಡಾಕ್ಟರು ಏನೋ ಅಂದರು. ಹೆಜ್ಜೆಗಳು ಮತ್ತೆ ಹೋದವು. ಯಾರೂ ಕೇಳದೆ ಅವಳೇ ನಡೆದು ತೋರಿಸುತ್ತಿದ್ದಾಳೆ, ಇದು ಹೀಗೆ, ಇದು ಹೀಗೆ ಎಂದು ಹೇಳುತ್ತಿದ್ದಾಳೆ ಎಂದು ಅವನಿಗೆ ಅನ್ನಿಸಿತು. ಆಮೇಲೆ ಅವಳು ನಕ್ಕದ್ದು ಕೇಳಿಸಿತು. ಯಾರದ್ದೋ ಕಾಲು ಎಂದು ಹೇಳಿ ನಗುವ ನಗು ಅದಾಗಿರಲಿಲ್ಲ. ಅವಳಿಗೆ ಇಷ್ಟೆಲ್ಲ ಹೇಳುವುದಕ್ಕಿತ್ತು, ಅದನ್ನು ಹೇಳಲು ಅವಳು ಇಷ್ಟು ವರ್ಷ ಕಾದಳು ಎಂಬುದು ಹೊಳೆದು ಅವನು ಕೈ ಎರಡನ್ನೂ ತೊಡೆಯ ಕೆಳಗಿಟ್ಟುಕೊಂಡು ಕೂತ.

ಇಪ್ಪತ್ತೈದು ನಿಮಿಷವಾದ ಮೇಲೆ ಬಾಗಿಲು ತೆರೆಯಿತು. ಲಕೋಟೆ ಅವಳ ಕೈಯಲ್ಲೇ ಇತ್ತು.

"ಮುಂದಿನ ಬುಧವಾರ. ಮಂಗಳವಾರ ಸಾಯಂಕಾಲ ಬಂದು ಸೇರ್ಕೋಬೇಕು," ಎಂದಳು.

"ಏನು ಹೇಳ್ದೆ?"

"ಹೇಳೋದು ಹೇಳಿದೀನಿ."

"ಸೊನ್ನೆನಾ? ಇಲ್ಲ ಉಳಿಸ್ತಾರಾ? ಎಷ್ಟು ಉಳಿಸ್ತಾರೆ?"

ಅವಳು ನಿಂತು ಅವನ ಮುಖವನ್ನು ನೋಡಿದಳು. ಸಿಟ್ಟು ಇತ್ತು, ಅದನ್ನು ಮುಚ್ಚಿಕೊಳ್ಳುವ ಪ್ರಯತ್ನ ಅವಳು ಮಾಡಲಿಲ್ಲ. ಕರುಣೆಯೂ ಒಂದಿಷ್ಟು ಇತ್ತೇನೋ.

"ಅದು ನಿಮಗೆ ಗೊತ್ತಾಗೋದು ಬೇಡ," ಎಂದಳು. "ಆಮೇಲೆ ಫಿಲ್ಮು ಕೊಡ್ತಾರಲ್ಲ, ಅದನ್ನ ಅಳೀಬೇಡಿ."

ಅವನ ಮೈಯೆಲ್ಲ ಆ ಒಂದು ಅಂಕೆಗೆ ಹಂಬಲಿಸುತ್ತಿತ್ತು. ಎರಡೋ, ಮೂರೋ, ಐದಕ್ಕೆ ಐದೋ, ಅವಳು ಏನು ಕೇಳಿಕೊಂಡಿರಬಹುದು.

"ಅಳೆಯಲ್ಲ," ಎಂದ.

"ಹೆಜ್ಜೆನೂ."

"ಹೂಂ. ಅದನ್ನೂ ಅಳೆಯಲ್ಲ."

ಅವಳು ತಲೆಯಾಡಿಸಿ, ಸೆರಗು ಸರಿಮಾಡಿಕೊಂಡು, ಇಳಿಜಾರಿನ ಪಕ್ಕದ ಕಂಬಿ ಹಿಡಿದು ಅವನಿಗಿಂತ ಮುಂದೆ ಹೊರಟಳು. ಚಂದ್ರಮೌಳಿ ಹಿಂದೆ ಬಂದ. ಅವಳ ಕಾಲು ನೋಡದೆ ಅವಳ ಹಿಂದೆ ನಡೆಯುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.